ಕಪ್ಪು ಪರದೆ ಹಾಕಿದರೆ ಮನೆ ತಂಪಾಗುತ್ತದೆಯೇ? ರೋಮನ್ ಶೇಡ್ ಹೊಲಿಯುವ ಮುನ್ನ ಓದಿ

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ತಿರುಗಲು ಶುರುವಾಗುತ್ತದೆ: ‘ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆ ಹಾಕಿ, ಕೂಲರ್ ಬೇಡವೇ ಬೇಡ’. ಅದರ ಬೆನ್ನಿಗೇ ರೋಮನ್ ಶೇಡ್ ಹೊಲಿಯುವ ಪುಟ್ಟ ವಿಡಿಯೊಗಳೂ ಬರುತ್ತವೆ. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಚಂದದ ಕೆಲಸ, ಆದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಪರದೆಯ ಹಿಂದಿನ ದಾರ ಜೀವಕ್ಕೇ ಎರವಾಗಬಲ್ಲದು. ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯ ಮನೆಯೊಂದರ ಪಡುವಣ ಕಿಟಕಿಗೆ ನಾವೇ ಒಂದು ಹೊಲಿದು ನೋಡಿದೆವು. ಎಡವಿದ್ದನ್ನೂ ಸೇರಿಸಿ ಹೇಳುತ್ತೇವೆ.

ರೋಮನ್ ಶೇಡ್ ಪಕ್ಕಕ್ಕೆ ಸರಿಯುವ ಪರದೆಯಲ್ಲ. ಕೆಳಗಿನಿಂದ ಮೇಲಕ್ಕೆ ಮಡಿಕೆ ಮಡಿಕೆಯಾಗಿ ಏರುತ್ತದೆ. ಹಿಂಬದಿಯಲ್ಲಿ ಅಡ್ಡಡ್ಡ ಕಡ್ಡಿಗಳಿರುತ್ತವೆ. ನೆರಿಗೆ ಇಲ್ಲದ್ದರಿಂದ ಸಾಮಾನ್ಯ ಪರದೆಗಿಂತ ಬಟ್ಟೆ ಕಡಿಮೆ ಸಾಕು.

ಕಪ್ಪು ಬಟ್ಟೆಯ ಮಾತು ನಿಜವೇ?

ಕತ್ತಲೆ ಬೇರೆ, ತಂಪು ಬೇರೆ. ಬಿಸಿಲು ಗಾಜು ದಾಟಿ ಒಳಗೆ ಬಂದು ಬಟ್ಟೆಗೆ ಬೀಳುತ್ತದೆ. ಕಪ್ಪು ಬಟ್ಟೆ ಅದನ್ನು ಹೀರಿಕೊಂಡು ತಾನೇ ಕಾಯುತ್ತದೆ. ಬಟ್ಟೆ ಇರುವುದು ಗಾಜಿನ ಒಳಗಡೆ, ಹಾಗಾಗಿ ಆ ಕಾವು ಕೋಣೆಗೇ ಸೇರುತ್ತದೆ. ಬಿಳಿ ಬಟ್ಟೆಯಾದರೆ ಬಿಸಿಲಿನ ದೊಡ್ಡ ಪಾಲನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ, ಬಿಳಿ ಪ್ಲಾಸ್ಟಿಕ್ ಬೆನ್ನಿರುವ ಮಧ್ಯಮ ಬಣ್ಣದ ಪರದೆ ಕಿಟಕಿಯಿಂದ ಬರುವ ಶಾಖವನ್ನು 33% ತಗ್ಗಿಸಬಲ್ಲದು. ಒಳಮುಖದ ಬಣ್ಣ ನಿಮ್ಮಿಷ್ಟ. ಗಾಜಿನ ಕಡೆಗಿರುವ ಲೈನಿಂಗ್ ಮಾತ್ರ ಬಿಳಿಯದಿರಲಿ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಅದೇ ಇಲಾಖೆ ಹೇಳುವಂತೆ, ಪಡುವಣ ಕಿಟಕಿಗೆ ಹೊರಗಡೆ ನೆರಳಿನ ಚಪ್ಪರ ಇಳಿಬಿಟ್ಟರೆ ಶಾಖ 77% ವರೆಗೆ ಕಡಿಮೆಯಾಗುತ್ತದೆ. ಬಿಸಿಲನ್ನು ಗಾಜಿನ ಹೊರಗೇ ತಡೆದರೆ ಅಷ್ಟು ಲಾಭ. ಹಳೆಯ ಮನೆಗಳ ಕಿಟಕಿಗಳಿಗೆ ಹೊರಗಿನಿಂದ ಮುಚ್ಚುವ ಮರದ ಬಾಗಿಲಿದ್ದರೆ, ಮಧ್ಯಾಹ್ನ ಅದನ್ನು ಮುಚ್ಚಿದರೆ ಸಾಕು. ಯಾವ ಪರದೆಯೂ ಅದರ ಸಮ ಬರುವುದಿಲ್ಲ.

ಯಾವ ಬಟ್ಟೆ?

ಗರಗದ ಖಾದಿ, ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘ, ಎರಡೂ ನಮ್ಮ ಜಿಲ್ಲೆಯವೇ. ಮಧ್ಯಮ ದಪ್ಪದ ಖಾದಿ ಅಥವಾ ಕೈಮಗ್ಗದ ಹತ್ತಿ ಬಟ್ಟೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಮಡಿಕೆ ಚೆನ್ನಾಗಿ ಕೂರುತ್ತದೆ, ನೇಯ್ಗೆ ನೇರ. ನವಲಗುಂದದ ಜಮಖಾನೆ ಎಷ್ಟೇ ಚಂದವಿದ್ದರೂ ಬೇಡ, ಅಷ್ಟು ದಪ್ಪ ಮಡಿಸಿ ಏರುವುದಿಲ್ಲ. ಹಳೆಯ ಇಳಕಲ್ ಸೀರೆ ಬಳಸುವ ಆಸೆಯಾದರೆ ಲೈನಿಂಗ್ ಕಡ್ಡಾಯ. ನೇರ ಬಿಸಿಲಿಗೆ ರೇಷ್ಮೆಯ ಎಳೆ ಬಣ್ಣಗೆಟ್ಟು ಪಿಸಿಯುತ್ತದೆ. ಒಲೆಯ ಹತ್ತಿರದ ಕಿಟಕಿಗೆ ಯಾವ ಬಟ್ಟೆಯೂ ಬೇಡ.

ಕತ್ತರಿಸುವ ಮೊದಲು ಬಟ್ಟೆಯನ್ನೂ ಲೈನಿಂಗನ್ನೂ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ನಾವು ಎಡವಿದ್ದು ಇಲ್ಲೇ. ನೆನೆಸದೆ ಹೊಲಿದ ಪರದೆ ಮೊದಲ ಒಗೆತಕ್ಕೇ ಎರಡು ಬೆರಳು ಗಿಡ್ಡವಾಗಿ, ಮತ್ತೆ ಬಿಚ್ಚಿ ಹೊಲಿಯಬೇಕಾಯಿತು.

ಅಳತೆ ಮತ್ತು ಹೊಲಿಗೆ

ಪರದೆ 36 ಇಂಚು ಅಗಲ, 48 ಇಂಚು ಉದ್ದ ಬೇಕು ಅಂದುಕೊಳ್ಳಿ. ಎರಡೂ ಅಂಚಿಗೆ ಒಂದೂವರೆ ಇಂಚಿನಂತೆ ಸೇರಿಸಿ 39 ಇಂಚು ಅಗಲ. ಮೇಲೆ 2, ಕೆಳಗೆ 4 ಸೇರಿಸಿ 54 ಇಂಚು ಉದ್ದ ಕತ್ತರಿಸಿ. ಬಟ್ಟೆಯ ಅಗಲ ಸಾಲದಿದ್ದರೆ ಜೋಡಣೆ ನಟ್ಟನಡುವೆ ಬಾರದಂತೆ ಎರಡೂ ಬದಿಗೆ ಪಟ್ಟಿ ಕೊಡಿ. ಅಡ್ಡಗೆರೆಗೆ ಸ್ಕೇಲಿಗಿಂತ ಹಳೆಯ ಉಪಾಯವೇ ವಾಸಿ: ಒಂದು ಎಳೆ ದಾರ ಎಳೆದು ತೆಗೆಯಿರಿ, ಉಳಿದ ಗೆರೆಯ ಮೇಲೆ ಕತ್ತರಿ ಓಡಿಸಿ. ಅಡ್ಡಗೆರೆ ಓರೆಯಾದರೆ ಪರದೆ ಎಂದೂ ನೇರವಾಗಿ ಏರುವುದಿಲ್ಲ.

ಲೈನಿಂಗ್ 36 ಇಂಚು ಅಗಲವಿರಲಿ. ಅದರ ಮೇಲೆ ಬಟ್ಟೆಯ ಅಂಚು ಮಡಚಿ ಹೊಲಿಯಿರಿ. ಹಿಂಬದಿಗೆ, ಲಾಡಿ ಪೋಣಿಸುವ ಮಡಿಕೆಯಂತೆ, ನಾಲ್ಕು ಅಡ್ಡ ಪಟ್ಟಿ ಹೊಲಿದು ತೆಳುವಾದ ಬಿದಿರು ಕಡ್ಡಿ ತೂರಿಸಿ. ಕೆಳಅಂಚಿನಿಂದ 6, 16, 26, 36 ಇಂಚಿಗೆ ಒಂದೊಂದು. ಮೇಲೆ ಉಳಿಯುವ 12 ಇಂಚು ಬೇಕಂತಲೇ ಬಿಟ್ಟದ್ದು, ಮಡಿಕೆಗಳು ಅಲ್ಲಿ ಒತ್ತೊತ್ತಾಗುವುದಿಲ್ಲ. ಪ್ರತಿ ಕಡ್ಡಿಗೂ ಮೂರು ಪ್ಲಾಸ್ಟಿಕ್ ರಿಂಗ್ ಹೊಲಿಯಿರಿ, ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ. ಮೇಲಂಚನ್ನು ಮರದ ಪಟ್ಟಿಗೆ ಮೊಳೆ ಹೊಡೆದು, ಆ ಪಟ್ಟಿಯನ್ನು ಕಿಟಕಿಗೆ ಕೂರಿಸಿ.

ದಾರದ ವಿಷಯ

ವಿಡಿಯೊಗಳಲ್ಲಿ ತೋರಿಸುವಂತೆ ರಿಂಗುಗಳೊಳಗೆ ದಾರ ಪೋಣಿಸಿ ಪಕ್ಕದಿಂದ ಎಳೆಯುವುದು ರೂಢಿಯ ಕ್ರಮ. ಆದರೆ ಅಮೆರಿಕದಲ್ಲಿ 2009ರ ಡಿಸೆಂಬರ್‌ನಲ್ಲಿ ಸುಮಾರು 5 ಕೋಟಿ ರೋಮನ್ ಮತ್ತು ಸುರುಳಿ ಪರದೆಗಳನ್ನು ಹಿಂಪಡೆಯಲಾಯಿತು. ಮಕ್ಕಳು ಪರದೆಯ ಹಿಂದಿನ ದಾರಕ್ಕೂ ಬಟ್ಟೆಗೂ ನಡುವೆ ಕತ್ತು ತೂರಿಸಿ ಉಸಿರುಗಟ್ಟುವುದೇ ಕಾರಣ. ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಪ್ರಕಾರ, ಪರದೆಯ ದಾರಗಳಿಗೆ ಸಿಲುಕಿ ಐದು ವರ್ಷದೊಳಗಿನ ಸರಾಸರಿ ಒಂಬತ್ತು ಮಕ್ಕಳು ಪ್ರತಿ ವರ್ಷ ಸಾಯುತ್ತಾರೆ. ಎಳೆಯುವ ದಾರವನ್ನು ಎತ್ತರದಲ್ಲಿ ಸುತ್ತಿಟ್ಟರೂ, ಪರದೆ ಇಳಿದಾಗ ಹಿಂದಿನ ದಾರ ಮಗುವಿನ ಕೈಗೆ ಸಿಗುತ್ತದೆ. ಆದ್ದರಿಂದ ‘ಮೇಲೆ ಕಟ್ಟಿದ್ದೇವೆ, ಭಯವಿಲ್ಲ’ ಎನ್ನುವಂತಿಲ್ಲ.

ಕಲಘಟಗಿ ಎಂದರೆ ಬಣ್ಣದ ತೊಟ್ಟಿಲು. ಗಾಳಿ ಬರಲೆಂದು ಆ ತೊಟ್ಟಿಲನ್ನು ಕಿಟಕಿ ಪಕ್ಕ ಇಡುವುದು ಸಹಜ. ಅಲ್ಲೇ ದಾರದ ಪರದೆಯೂ ಇದ್ದರೆ? ಮಗು ಇರುವ ಮನೆಗೆ, ಮೊಮ್ಮಕ್ಕಳು ರಜೆಗೆ ಬರುವ ಮನೆಗೂ, ದಾರವೇ ಬೇಡ ಎಂಬುದು ನಮ್ಮ ಅಭಿಪ್ರಾಯ. ಮರದ ಪಟ್ಟಿಗೆ ರಿಂಗಿನ ಸಾಲುಗಳ ನೇರಕ್ಕೆ ಮೂರು ಕೊಕ್ಕೆ ತಿರುಗಿಸಿ. ಪರದೆಯನ್ನು ಕೈಯಿಂದ ಮಡಚಿ ಎತ್ತಿ, ರಿಂಗುಗಳನ್ನು ಕೊಕ್ಕೆಗೆ ಸಿಕ್ಕಿಸಿದರೆ ಆಯಿತು. ನಾವು ಬಮ್ಮಿಗಟ್ಟಿಯಲ್ಲಿ ಮಾಡಿದ್ದು ಹೀಗೆಯೇ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕೈ ಎತ್ತುವ ಕೆಲಸ, ಅಷ್ಟೇ.

ದೊಡ್ಡವರಷ್ಟೇ ಇರುವ ಮನೆಯಲ್ಲಿ ದಾರ ಬಳಸುವುದಾದರೆ, ಉಳಿದ ದಾರವನ್ನು ನೆಲದಿಂದ ಕನಿಷ್ಠ 5 ಅಡಿ ಎತ್ತರದ ಕೊಂಡಿಗೆ ಸುತ್ತಿ, ಕುಣಿಕೆ ಬಿಡಬೇಡಿ. ಮಳೆಗಾಲದಲ್ಲಿ ಕಲಘಟಗಿ ಕಡೆಯ ಥಂಡಿಗೆ ಮಡಿಕೆಗಳೊಳಗೆ ಬೂಷ್ಟು ಹಿಡಿಯುತ್ತದೆ. ಬಿಸಿಲು ಬಿದ್ದ ದಿನ ಪರದೆಯನ್ನು ಪೂರ್ತಿ ಇಳಿಬಿಡಿ. ಒಗೆಯುವಾಗ ಬಿದಿರು ಕಡ್ಡಿ ಹೊರಗೆ ತೆಗೆಯಲು ಮರೆಯಬೇಡಿ.