ಯಾರಿಗೆ ಖಾತ್ರಿ? ದಾಭೋಲ್‌ನಿಂದ ಪಾವಗಡದವರೆಗೆ

ಪೋಸ್ಟ್ ಉದ್ದ ಇದೆ, ಬಿಡುವಾದಾಗ ಓದಿ.

ಬಡವರ ಮನೆಗೆ 200 ಯೂನಿಟ್‌ವರೆಗೆ ಕರೆಂಟ್ ಪುಕ್ಕಟೆ ಅಂದ ಕೂಡಲೇ "ಬಿಟ್ಟಿ ಭಾಗ್ಯ" ಅಂತ ಮೂಗು ಮುರಿದವರನ್ನ ನೀವೆಲ್ಲ ನೋಡಿದ್ದೀರಿ. ಆದರೆ ಕರೆಂಟಿನ ಹೆಸರಲ್ಲಿ ಈ ದೇಶ ಕೊಟ್ಟ ದೊಡ್ಡ ಗ್ಯಾರಂಟಿ ಯಾರಿಗೆ ಸಿಕ್ಕಿತು ಅನ್ನೋದು ಇವರಿಗೆ ನೆನಪಿಲ್ಲ. ಅದನ್ನ ನೆನಪಿಸೋದಕ್ಕೇ ಇದನ್ನ ಬರೀತಾ ಇದ್ದೀನಿ.

ಶುರು ಮಾಡಬೇಕಾದ್ದು 1943ರಿಂದ. ಬಾಬಾಸಾಹೇಬರು ಆಗ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರು. ವಿದ್ಯುತ್ ಕೂಡ ಅವರ ಕೈಯಲ್ಲೇ ಇತ್ತು. ಸಂವಿಧಾನದ ಅಂಬೇಡ್ಕರ್ ನಮ್ಮವರಿಗೆಲ್ಲ ಗೊತ್ತು, ಕರೆಂಟಿನ ಅಂಬೇಡ್ಕರ್ ನಮ್ಮವರಿಗೂ ಅಷ್ಟಾಗಿ ಗೊತ್ತಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ವಿದ್ಯುತ್ ನೀತಿ ಸಮಿತಿಯ ಮುಂದೆ ಅವರು ಎತ್ತಿದ ಪ್ರಶ್ನೆ ನೇರವಾಗಿತ್ತು. ವಿದ್ಯುತ್ತು ಯಾರ ಒಡೆತನದಲ್ಲಿರಬೇಕು, ಖಾಸಗಿಯವರದ್ದೋ ಸರ್ಕಾರದ್ದೋ? ಜನರನ್ನು ಬಡತನದಿಂದ ಎತ್ತಬೇಕಾದರೆ ಕೈಗಾರಿಕೆ ಬೇಕು, ಕೈಗಾರಿಕೆಗೆ ಅಗ್ಗವಾದ, ಧಾರಾಳವಾದ ಕರೆಂಟ್ ಬೇಕು ಅನ್ನೋದು ಅವರ ವಾದ. ಈ ಚಿಂತನೆಯ ದಾರಿಯಲ್ಲೇ 1948ರ ವಿದ್ಯುತ್ ಸರಬರಾಜು ಕಾಯ್ದೆ ಬಂತು, ರಾಜ್ಯಗಳಲ್ಲಿ ವಿದ್ಯುತ್ ಮಂಡಳಿಗಳು ಹುಟ್ಟಿದವು.

ಅದೇ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ತಂದು ಖಾಸಗಿ ಕಂಪನಿಗಳಿಗೆ ಬಾಗಿಲು ತೆಗೆದರು. ಅದು ಬಾಬಾಸಾಹೇಬರ ಜನ್ಮಶತಮಾನೋತ್ಸವದ ವರ್ಷ! ವಿದೇಶಿ ಕಂಪನಿಗೆ ನೂರಕ್ಕೆ ನೂರು ಒಡೆತನ. ಹಾಕಿದ ಬಂಡವಾಳದ ಮೇಲೆ ಶೇ. 16ರಷ್ಟು ಲಾಭ ಬರೋ ಹಾಗೆ ದರ ನಿಗದಿ. ಸ್ಥಾವರ ಅದರ ಸಾಮರ್ಥ್ಯದ ಶೇ. 68.5ರಷ್ಟು ನಡೆದರೆ ಸಾಕು. ಇದನ್ನ ಯಾರೂ ಬಿಟ್ಟಿ ಭಾಗ್ಯ ಅನ್ನಲಿಲ್ಲ. ಸುಧಾರಣೆ ಅಂದರು.

1992ರ ಜೂನ್‌ನಲ್ಲಿ ಅಮೆರಿಕದ ಎನ್ರಾನ್‌ನವರು ಮುಂಬೈಗೆ ಬಂದರು. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ವಿದ್ಯುತ್ ಮಂಡಳಿ ಜೊತೆ ತಿಳಿವಳಿಕೆ ಪತ್ರಕ್ಕೆ ಸಹಿ ಬಿತ್ತು, ಟೆಂಡರೂ ಇಲ್ಲದೆ. ಜಾಗ, ರತ್ನಾಗಿರಿ ಜಿಲ್ಲೆಯ ಕಡಲ ತೀರ. ಬಾಬಾಸಾಹೇಬರ ಪೂರ್ವಿಕರ ಊರು ಅಂಬಡವೆ ಇರೋದೂ ಅದೇ ಜಿಲ್ಲೆಯಲ್ಲಿ. ಯೋಜನೆ ದುಬಾರಿ ಅಂತ ವಿಶ್ವಬ್ಯಾಂಕೇ 1993ರಲ್ಲಿ ಸಾಲ ಕೊಡಲು ಒಪ್ಪಲಿಲ್ಲ. ಆದರೂ ಅದೇ ಡಿಸೆಂಬರ್‌ನಲ್ಲಿ ಒಪ್ಪಂದವಾಯಿತು. ಕರೆಂಟ್ ಬಳಸಲಿ ಬಿಡಲಿ ಮಂಡಳಿ ದುಡ್ಡು ಕಟ್ಟಬೇಕು. ಲೆಕ್ಕ ಡಾಲರ್‌ಗೆ ಗಂಟು ಬಿದ್ದಿದೆ, ರೂಪಾಯಿ ಬಿದ್ದರೆ ನಷ್ಟ ನಮ್ಮದು. ಮಂಡಳಿ ಕಟ್ಟದಿದ್ದರೆ ರಾಜ್ಯದ ಖಾತ್ರಿ, ರಾಜ್ಯವೂ ಕಟ್ಟದಿದ್ದರೆ ಕೇಂದ್ರದ ಪ್ರತಿಖಾತ್ರಿ. ಖಾತ್ರಿ ಮೇಲೆ ಖಾತ್ರಿ!

ಎನ್ರಾನನ್ನ ಅರಬ್ಬೀ ಸಮುದ್ರಕ್ಕೆ ಎಸೀತೀವಿ ಅಂತ ಓಟು ಕೇಳಿದ ಶಿವಸೇನೆ-ಬಿಜೆಪಿ 1995ರಲ್ಲಿ ಗೆದ್ದು, ಒಪ್ಪಂದ ರದ್ದು ಮಾಡಿ, ಕೆಲವೇ ತಿಂಗಳಲ್ಲಿ ಮತ್ತೆ ಮಾತುಕತೆಗೆ ಕೂತವು. 1996ರಲ್ಲಿ 13 ದಿನ ಬದುಕಿದ ವಾಜಪೇಯಿ ಸರ್ಕಾರ ಬಹುಮತ ಸಾಬೀತು ಮಾಡೋದಕ್ಕೆ ಮೊದಲೇ ಪ್ರತಿಖಾತ್ರಿಗೆ ಒಪ್ಪಿಗೆ ಕೊಟ್ಟಿತು. ಪಕ್ಷ ಬದಲಾದರೂ ಒಪ್ಪಂದ ಬದಲಾಗಲಿಲ್ಲ ಅನ್ನೋದನ್ನ ಗಮನಿಸಿ.

ತೀರದ ಜನಕ್ಕೆ ಸಿಕ್ಕಿದ್ದೇನು? 1997ರ ಜೂನ್ 3ರ ಬೆಳಗಿನ ಜಾವ ಮೀನುಗಾರರ ಊರು ವೇಲ್ದೂರಿಗೆ ಪೊಲೀಸರು ನುಗ್ಗಿ ಹೆಂಗಸರನ್ನ ಮನೆಯಿಂದ ಎಳೆದು ಬಡಿದರು. ಅಲ್ಲಿ ಹಾಕಿದ್ದ ಪೊಲೀಸರ ಖರ್ಚನ್ನು ಕಂಪನಿಯೇ ಭರಿಸುತ್ತಿತ್ತು ಅಂತ ಹ್ಯೂಮನ್ ರೈಟ್ಸ್ ವಾಚ್ 1999ರ ವರದಿಯಲ್ಲಿ ಬರೆಯಿತು. 2001ರ ಹೊತ್ತಿಗೆ ದುಬಾರಿ ಕರೆಂಟ್ ಕೊಳ್ಳಲಾರದೆ ಮಂಡಳಿ ಕೈ ಎತ್ತಿತು, ಸ್ಥಾವರ ನಿಂತಿತು. ಅದೇ ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿ. 2005ರಲ್ಲಿ ಅದನ್ನ ಮತ್ತೆ ಎಬ್ಬಿಸಲು ಬಂದಿದ್ದು ಎನ್‌ಟಿಪಿಸಿ, ಗೇಲ್. ಅಂದರೆ ನಮ್ಮ ದುಡ್ಡು.

ನಮ್ಮಲ್ಲೂ ನಂದಿಕೂರಿಗೆ ಕೊಜೆಂಟ್ರಿಕ್ಸ್ ಬಂದಿತ್ತು, 1000 ಮೆಗಾವಾಟ್, ಅದೇ ಪ್ರತಿಖಾತ್ರಿಯ ಬೇಡಿಕೆ. ಹೋರಾಟ, ಕೋರ್ಟ್ ಕೇಸು, ವಿಳಂಬ ಎಲ್ಲ ಸೇರಿ 1999ರ ಕೊನೆಗೆ ವಾಪಸ್ ಹೋದರು. ಆಮೇಲೆ ಅದೇ ಭಾಗದಲ್ಲಿ ದೇಶಿ ಕಂಪನಿಯ ಕಲ್ಲಿದ್ದಲು ಸ್ಥಾವರ ಎದ್ದಿತು. ಆ ಕಥೆ ಇನ್ನೊಮ್ಮೆ.

ಈಗ ಪಾವಗಡ. ಐದು ಊರು, ಸುಮಾರು 13,000 ಎಕರೆ, 2,050 ಮೆಗಾವಾಟ್ ಸೋಲಾರ್. ಪ್ಯಾನೆಲ್ ಹಾಕಿದವರಲ್ಲಿ ಫೋರ್ಟಮ್ ಕೂಡ ಇದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಫಿನ್ಲೆಂಡ್ ಸರ್ಕಾರದ್ದು. ನ್ಯಾಯವಾಗಿ ಹೇಳಬೇಕು, ಇಲ್ಲಿ ಒಂದು ಪಾಠ ಕಲಿತಿದ್ದಾರೆ. ಭೂಮಿಯನ್ನ ಕಿತ್ಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಟ್ಟ ಸೀಮೆಯಲ್ಲಿ ರೈತರು ಒಪ್ಪಿದ್ದು ತಪ್ಪಲ್ಲ.

ಲೆಕ್ಕ ಹಾಕಿ ನೋಡಿ. 50 ಎಕರೆಯವನಿಗೆ ವರ್ಷಕ್ಕೆ ಹತ್ತೂವರೆ ಲಕ್ಷ. ಎರಡು ಎಕರೆಯ ನಮ್ಮವನಿಗೆ 42 ಸಾವಿರ. ಆ 50 ಎಕರೆಯಲ್ಲಿ ಕಡಲೆಕಾಯಿ ಕಳೆ ತೆಗೆದು, ಕಾಯಿ ಬಿಡಿಸಿ ಬದುಕಿದ ಕೇರಿಯ ಹೆಂಗಸಿಗೆ ಸೊನ್ನೆ. ಪಹಣಿಯ 9ನೇ ಕಾಲಂನಲ್ಲಿ ಒಡೆಯನ ಹೆಸರಿದೆ, 12ನೇ ಕಾಲಂನಲ್ಲಿ ಸಾಗುವಳಿ ಮಾಡೋನ ಹೆಸರು, ಬೆಳೆ ಇದೆ. ಕೂಲಿಗೆ ಕಾಲಂ ಇಲ್ಲ. ಕುರಿ-ಮೇಕೆ ಮೇಯಿಸೋ ಜಾಗಕ್ಕೆ ಬೇಲಿ ಬಿತ್ತು. ಉಳಿದಿದ್ದು ಪ್ಯಾನೆಲ್ ತೊಳೆಯೋದು, ಹುಲ್ಲು ಕೀಳೋದು, ಗೇಟ್ ಕಾಯೋದು, ಅದೂ ಕಂಟ್ರಾಕ್ಟರ್ ಕೆಳಗೆ. ಕಂಪನಿಗೆ ಮಾತ್ರ 25 ವರ್ಷದ ಖರೀದಿ ಒಪ್ಪಂದ.

ಬಾಬಾಸಾಹೇಬರು 1947ರಲ್ಲೇ "ರಾಜ್ಯಗಳು ಮತ್ತು ಅಲ್ಪಸಂಖ್ಯಾತರು" ಮನವಿಯಲ್ಲಿ ಬರೆದಿದ್ದರು. ಮುಖ್ಯ ಕೈಗಾರಿಕೆ ಸರ್ಕಾರದ್ದಾಗಬೇಕು. ಭೂಮಿಯೂ ಸರ್ಕಾರದ್ದಾಗಿ, ಜಾತಿ ನೋಡದೆ ಊರಿನವರಿಗೆ ಗೇಣಿಗೆ ಸಿಗಬೇಕು, ಜಮೀನ್ದಾರನೂ ಇರಬಾರದು, ಭೂಹೀನ ಕೂಲಿಯೂ ಇರಬಾರದು ಅಂತ. ಅಷ್ಟು ದೂರ ಹೋಗೋ ಧೈರ್ಯ ಇವತ್ತಿನ ಯಾವ ಸರ್ಕಾರಕ್ಕೂ ಇಲ್ಲ. ಆದರೆ ಗುತ್ತಿಗೆ ಹಣದಲ್ಲಿ ಭೂಹೀನರಿಗೊಂದು ಪಾಲು ಇಡೋದಕ್ಕೆ, ಒಪ್ಪಂದಗಳನ್ನ ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಅಂಟಿಸೋದಕ್ಕೆ ಧೈರ್ಯವೇನೂ ಬೇಕಿಲ್ಲ.

ಮುಂದಿನ ಪಾರ್ಕಿಗೆ ಅಂತ ನಿಮ್ಮ ತಾಲ್ಲೂಕಿಗೆ ಸರ್ವೆಯವರು ಬಂದು, ಪಹಣಿ ಇರೋರನ್ನ ಮಾತ್ರ ಸಭೆಗೆ ಕರೆದರೆ, ಕೇರಿಯವರೆಲ್ಲ ಹೋಗಿ ಕೂತ್ಕೊಳ್ಳಿ. ಯಾವ ಹೊಲದಲ್ಲಿ ವರ್ಷಕ್ಕೆ ಎಷ್ಟು ದಿನದ ಕೂಲಿ ಇತ್ತು ಅನ್ನೋದನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ತಗೊಂಡೇ ಎದ್ದು ಬನ್ನಿ.