ಅರ್ಬುದವೂ ಅದರ ಶೇಷವೂ

ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಚಿಕಿತ್ಸೆಗಾಗಿಯೇ ಮೀಸಲಾದ ಸಂಸ್ಥೆಯೊಂದುಂಟು. ಸುಳ್ಳ ಮೊದಲಾದ ಸುತ್ತಣ ಗ್ರಾಮಗಳಿಗೆ ಅದು ಸಮೀಪದ ಆಶ್ರಯವು. ಈ ರೋಗಕ್ಕೆ ಗ್ರಂಥಸ್ಥ ಕನ್ನಡದಲ್ಲಿ ಅರ್ಬುದವೆಂಬ ಹೆಸರು ರೂಢವಾಗಿದೆ. ಈ ಎರಡು ಶಬ್ದಗಳು ಒಂದೇ ಅರ್ಥವನ್ನು ಹೇಳುತ್ತವೆಯೇ ಎಂಬುದು ವಿಚಾರಾರ್ಹವಾಗಿದೆ.

ಗ್ರೀಕ ವೈದ್ಯರು ಈ ರೋಗವನ್ನು ಏಡಿಗೆ ಹೋಲಿಸಿ ಕಾರ್ಕಿನೋಸ್ ಎಂದು ಕರೆದರು. ಲ್ಯಾಟಿನ್ ಭಾಷೆಯಲ್ಲಿ ಅದು ಕ್ಯಾನ್ಸರ್ ಎಂದಾಯಿತು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಾದರೋ ಅರ್ಬುದವೆಂದರೆ ದುಂಡಾದ, ಅಲುಗದ, ಅಲ್ಪವೇದನೆಯುಳ್ಳ, ಆಳವಾಗಿ ಬೇರೂರಿ ನಿಧಾನವಾಗಿ ಬೆಳೆಯುವ, ಕೀವಾಗದ ಗಂತಿ. ಅದರ ಆರು ಭೇದಗಳಲ್ಲಿ ಮೇದಸ್ಸಿನಿಂದಾದುದೂ ಒಂದು. ಕೊಬ್ಬಿನ ಗಂತಿಯು ಬಹುಶಃ ನಿರಪಾಯವಾದುದರಿಂದ ಅರ್ಬುದವೆಲ್ಲವೂ ಕ್ಯಾನ್ಸರ್ ಅಲ್ಲವೆಂಬುದು ಸ್ಪಷ್ಟ. ಆದರೆ ರಕ್ತಾರ್ಬುದ, ಮಾಂಸಾರ್ಬುದಗಳು ಅಸಾಧ್ಯವೆಂದು ಆಚಾರ್ಯನು ಹೇಳಿರುವುದರಿಂದ ಮಾರಕವಾದ ಗಂತಿಗಳೂ ಆತನ ಗಮನಕ್ಕೆ ಬಂದಿದ್ದವೆಂದು ಊಹಿಸಬಹುದು.

ಚಿಕಿತ್ಸಾಸ್ಥಾನದ ಮಾತು ಇನ್ನೂ ಮಹತ್ತರವಾದುದು. ಸ್ವಲ್ಪ ಶೇಷವುಳಿದರೂ ಅರ್ಬುದವು ಬೇಗನೆ ಮರಳಿ ಹುಟ್ಟಿ ಬೆಂಕಿಯಂತೆ ಕೊಲ್ಲುತ್ತದೆ. ಆದುದರಿಂದ ನಿಶ್ಶೇಷವಾಗಿ ತೆಗೆಯಬೇಕೆಂದು ಅಲ್ಲಿ ವಿಧಿಸಿದೆ. ಅರ್ವಾಚೀನ ಚಿಕಿತ್ಸೆಯ ಇತಿಹಾಸವೂ ಈ ಶೇಷದ ಬೆನ್ನಟ್ಟುವಿಕೆಯೇ ಆಗಿದೆ. 1894ರಲ್ಲಿ ಅಮೇರಿಕೆಯ ಹಾಲ್‌ಸ್ಟೆಡನು ಸ್ತನದೊಡನೆ ಎದೆಯ ಸ್ನಾಯುಗಳನ್ನೂ ಕಂಕುಳ ಗ್ರಂಥಿಗಳನ್ನೂ ತೆಗೆಯುವ ಶಸ್ತ್ರವಿಧಾನವನ್ನು ಪ್ರಕಟಿಸಿದನು. ಅಷ್ಟು ವಿಸ್ತಾರವಾಗಿ ಕೊಯ್ದರೂ ಆಯುಸ್ಸು ಹೆಚ್ಚುವುದಿಲ್ಲವೆಂದು 1985ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ಸಿದ್ಧವಾಯಿತು. ಶೇಷವು ರಕ್ತದ ಮೂಲಕ ಶಸ್ತ್ರಕ್ಕೆ ನಿಲುಕದೆಡೆಗೆ ಮೊದಲೇ ಹೋಗಿರುತ್ತದೆಂಬ ಮತವು ಇದರಿಂದ ಬಲಗೊಂಡಿತು.

ಆ ಶೇಷವನ್ನು ಔಷಧವು ಅರಸಿತು. 1948ರಲ್ಲಿ ಫಾರ್ಬರನು ಮಕ್ಕಳ ರಕ್ತದ ಕ್ಯಾನ್ಸರನ್ನು ತಾತ್ಕಾಲಿಕವಾಗಿ ಶಮನಗೊಳಿಸಿದ ಔಷಧವು ತೆಲುಗುನಾಡಿನ ಎಲ್ಲಾಪ್ರಗಡ ಸುಬ್ಬರಾವ್ ಅವರ ಬಳಗದಲ್ಲಿ ಸಿದ್ಧವಾದುದು. ಶರೀರದ ರಕ್ಷಣಾಶಕ್ತಿಯ ತಡೆಯನ್ನು ತೆಗೆದು ರೋಗವನ್ನು ಎದುರಿಸುವ ಮಾರ್ಗವನ್ನು ಶೋಧಿಸಿದ ಆಲಿಸನ್, ಹೊಂಜೊ ಇವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ರೋಗಿಯ ರಕ್ತಕಣಗಳನ್ನೇ ಮಾರ್ಪಡಿಸಿ ಮರಳಿ ಸೇರಿಸುವ ಕಾರ್-ಟಿ ಚಿಕಿತ್ಸೆಗೆ ಭಾರತದಲ್ಲಿ 2023ರಲ್ಲಿ ಅನುಮತಿ ದೊರೆಯಿತು.

ಆದರೂ ಗ್ರಾಮಗಳ ಮಟ್ಟಿಗೆ ಇವೆಲ್ಲಕ್ಕಿಂತ ಉಪಯುಕ್ತವಾದ ಶೋಧವು ಬೀದರಿಗೆ ನೆರೆಯಾದ ಉಸ್ಮಾನಾಬಾದ ಜಿಲ್ಲೆಯಲ್ಲಿ ನಡೆಯಿತು. ಅಲ್ಲಿಯ 52 ಗ್ರಾಮಸಮೂಹಗಳಲ್ಲಿ 30ರಿಂದ 59 ವಯಸ್ಸಿನ ಸುಮಾರು 1,31,000 ಸ್ತ್ರೀಯರ ಮೇಲೆ ನಡೆದ ಪರೀಕ್ಷೆಯ ಫಲವು 2009ರಲ್ಲಿ ಪ್ರಕಟವಾಯಿತು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾದ ಎಚ್‌ಪಿವಿ ವಿಷಾಣುವಿಗಾಗಿ ಒಂದೇ ಸಲ ತಪಾಸಣೆ ನಡೆಸಿ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಆ ರೋಗದ ಮರಣಗಳು ಸುಮಾರು ಅರ್ಧಕ್ಕಿಳಿದವು. ಶೇಷವನ್ನು ಅರಸುವ ಮೊದಲೇ ಮೂಲವನ್ನು ಕಂಡುಹಿಡಿದುದರ ಫಲವಿದು. ಆ ವಿಷಾಣುವಿಗೆ ಭಾರತದಲ್ಲಿಯೇ ಸಿದ್ಧಪಡಿಸಿದ ಲಸಿಕೆಯೂ 2022ರಲ್ಲಿ ಅನುಮತಿ ಪಡೆಯಿತು.

ಸುಶ್ರುತನ ಲಕ್ಷಣಗಳಲ್ಲಿ ಅಲ್ಪವೇದನೆ ಎಂಬುದು ಇಲ್ಲಿ ವಿಶೇಷವಾಗಿ ಮನನೀಯವು. ನೋವಿಲ್ಲದ ಗಂತಿಯನ್ನು ಜನರು ಉಪೇಕ್ಷಿಸುತ್ತಾರೆ; ನೋವು ಬಂದಮೇಲೆ ನವನಗರಕ್ಕೆ ಬಂದರೆ ಶೇಷವು ದೂರ ಹರಡಿರುತ್ತದೆ. ಅರ್ಬುದ ಶಬ್ದವನ್ನು ಬೋಧಿಸುವ ಪಂಡಿತರು ಈ ಲಕ್ಷಣವನ್ನೂ ಅದರೊಡನೆ ಬೋಧಿಸುವುದು ಯುಕ್ತವು.