ವಾಲಿಬಾಲ್: ಬ್ಲಾಕ್ ಹಿಂದೆ ಯಾರು ಎಲ್ಲಿ ನಿಲ್ಲಬೇಕು?

ದುಬೈನ ಸೋನಾಪುರ, ಅಲ್ ಕೂಜ್, ಅಬುಧಾಬಿಯ ಮುಸಫ್ಫಾ ಕಡೆಯ ಕ್ಯಾಂಪುಗಳಲ್ಲಿ ರಜೆ ದಿನ ಸಂಜೆ ನೆಟ್ ಕಟ್ಟಿದರೆ ಸ್ಮ್ಯಾಶ್ ಹೊಡೆಯುವವರಿಗೆ ಬರವಿಲ್ಲ. ಪಾಯಿಂಟ್ ಹೋಗುವುದು ಬೇರೆ ಕಡೆ. ಇಬ್ಬರ ನಡುವೆ ಚೆಂಡು ಬೀಳುತ್ತದೆ, 'ನಿಂದು', 'ಅಲ್ಲ ಮಾರಾಯ, ನಿಂದು' ಅಂತ ಮುಖ ನೋಡಿಕೊಳ್ಳುತ್ತಾರೆ.

ಒಂದು ತಂಡದ ಪಾಲಿಗೆ ಬರುವುದು 9 ಮೀಟರ್ ಉದ್ದ, 9 ಮೀಟರ್ ಅಗಲ. ಅಂದರೆ 81 ಚದರ ಮೀಟರ್ ಜಾಗಕ್ಕೆ ಆರು ಜನ. ಎಲ್ಲವನ್ನೂ ಕಾಯಲು ಆಗದು. ಒಂದು ಭಾಗವನ್ನು ಬ್ಲಾಕ್ ಮುಚ್ಚಬೇಕು, ಹಿಂದಿನವರು ಉಳಿದದ್ದಕ್ಕೆ ನಿಲ್ಲಬೇಕು. ಲೆಕ್ಕ ಇಷ್ಟೇ. ಬ್ಲಾಕ್ ಮಾಡುವವರ ಬೆನ್ನಿಗೆ ಅಂಟಿಕೊಂಡು ನಿಂತರೆ ಒಂದೇ ಜಾಗಕ್ಕೆ ಇಬ್ಬರು ಕಾವಲು, ಪಕ್ಕದ ಜಾಗ ಖಾಲಿ!

ಉದಾಹರಣೆಗೆ, ಎದುರಾಳಿ ತನ್ನ ಎಡಬದಿಯಿಂದ ಹೊಡೆಯುತ್ತಾನೆ ಎನ್ನಿ. ನಮ್ಮ ಮುಂದಿನ ಸಾಲಿನ ಬಲಗಡೆಯವನು, ನಡುವಿನವನು ಸೇರಿ ಬ್ಲಾಕ್ ಹಾಕುತ್ತಾರೆ. ಮುಂದಿನ ಎಡಗಡೆಯವನು ನೆಟ್ ಬಿಟ್ಟು 3 ಮೀಟರ್ ಗೆರೆಯ ಹತ್ತಿರ ಬರಬೇಕು. ನಮ್ಮಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ. ಹಿಂದಿನ ಬಲಗಡೆಯವನಿಗೆ ಸೈಡ್ ಗೆರೆ ಮತ್ತು ಬ್ಲಾಕ್ ಮೇಲಿಂದ ಮೆಲ್ಲ ಹಾಕುವ ಡ್ರಾಪ್. ಹಿಂದಿನ ಎಡಗಡೆಯವನಿಗೆ ಅಡ್ಡ ಬರುವ ಸ್ಮ್ಯಾಶ್. ಹಿಂದಿನ ನಡುವಿನವನು ಆಳದಲ್ಲಿ ನಿಂತು, ಬ್ಲಾಕ್ ಮಾಡಿದವರ ಕೈಗಳ ನಡುವೆ ನುಗ್ಗಿದ ಅಥವಾ ಕೈಗೆ ತಾಗಿ ಹಾರಿದ ಚೆಂಡಿಗೆ ಓಡಬೇಕು.

ಅಬುಧಾಬಿಯಲ್ಲಿ ವಾಲಿಬಾಲ್ ಅಂದರೆ ಈಗಲೂ ಜಿಮ್ಮಿ ಜಾರ್ಜ್ ಹೆಸರು ಬರುತ್ತದೆ. ಕಣ್ಣೂರಿನ ಪೇರಾವೂರಿನ ಈ ಆಟಗಾರ 1979ರಿಂದ 1982ರವರೆಗೆ ಅಬುಧಾಬಿ ಸ್ಪೋರ್ಟ್ಸ್ ಕ್ಲಬ್ಬಿಗೆ ಆಡಿದರು. ಆಗ ಲಿಬರೊ ಇರಲಿಲ್ಲ. ಅಂತರರಾಷ್ಟ್ರೀಯ ಆಟಕ್ಕೆ ಲಿಬರೊ ಬಂದದ್ದು 1998ರಲ್ಲಿ. ಬೇರೆ ಬಣ್ಣದ ಜೆರ್ಸಿ ಹಾಕುವ ಈತ ಹಿಂದಿನ ಸಾಲಿನಲ್ಲಿ ಮಾತ್ರ ಆಡುತ್ತಾನೆ. ಸರ್ವ್ ಮಾಡುವಂತಿಲ್ಲ, ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಹೊಡೆಯುವಂತಿಲ್ಲ. ಸಾಮಾನ್ಯವಾಗಿ ಎತ್ತರದ ಮಿಡಲ್ ಬ್ಲಾಕರ್ ಹಿಂದೆ ಹೋದಾಗ ಅವನ ಬದಲಿಗೆ ಇಳಿಯುತ್ತಾನೆ. ನಮ್ಮ ದಕ್ಷಿಣ ಕನ್ನಡದ ಅಶ್ವಲ್ ರೈ ಆಡುವುದು ಆ ಮಿಡಲ್ ಬ್ಲಾಕರ್ ಸ್ಥಾನದಲ್ಲೇ. 2022ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಗೆದ್ದ ಕೋಲ್ಕತ್ತಾ ತಂಡಕ್ಕೆ ಅವರೇ ನಾಯಕ.

ಕುಳ್ಳಗಿದ್ದಾನೆ, ಹೊಡೆಯಲು ಬರುವುದಿಲ್ಲ ಎಂದು ಯಾರನ್ನೋ ಲಿಬರೊ ಮಾಡುವುದು ಸರಿಯಲ್ಲ. ಮೊದಲ ಪಾಸ್ ಚೆನ್ನಾಗಿ ಕೊಡುವವನು, ಗಟ್ಟಿಯಾಗಿ 'ನಂದು' ಎಂದು ಕೂಗುವವನು ಅಲ್ಲಿರಬೇಕು. ಇನ್ನೊಂದು ಮಾತು: ಸಿಮೆಂಟ್ ನೆಲದಲ್ಲಿ ಡೈವ್ ಬೇಡ. ಮರುದಿನ ಬೆಳಿಗ್ಗೆ ಡ್ಯೂಟಿ ಬಸ್ ಹತ್ತಬೇಕು. ಅಲ್ಲಿ ಮಂಡಿ ಬಗ್ಗಿಸಿ, ಎರಡು ಹೆಜ್ಜೆ ಮೊದಲೇ ಹೊರಡುವುದೇ ಒಳ್ಳೆಯದು.